ನಾಲ್ಕು ತಾಸಿನ ಸೀಸೆ

ಗುರುವಾರ. ಇನ್ನೂ ಒಂಬತ್ತಾಗಿಲ್ಲ,
ಮಂಡಕ್ಕಿ ಭಟ್ಟಿಯ ಓಣಿಗೆ ಆಗಲೇ ಮಧ್ಯಾಹ್ನ:
ಹೊಟ್ಟಿನ ಉರಿ, ಕಾದ ಮರಳು, ಕಣ್ಣಿಗೆ ಹೊಗೆ.
ನನ್ನ ಹೆಗಲಲ್ಲಿ ನೀಲಿ ಡಬ್ಬಿ,
ಅದರೊಳಗೆ ನಾಲ್ಕು ಐಸ್‌ಪ್ಯಾಕಿನ ನಡುವೆ
ಅಂಗೈಯಗಲದ ಚಳಿಗಾಲ.
ದಾವಣಗೆರೆಯ ಬಿಸಿಲಿಗೆ ಇದನ್ನು ತೋರಿಸಬಾರದು,
ಕೇಳದೆ ಕೈಹಾಕಿ ರುಚಿ ನೋಡುವ ಜಾತಿ ಅದು.

ಸೀಸೆಯ ಮುಚ್ಚಳದ ಮೇಲೊಂದು ದುಂಡು,
ದುಂಡಿನೊಳಗೆ ಬಿಳಿ ಚೌಕ.
ಚೌಕ ಬೆಳ್ಳಗಿದ್ದರೆ ಮದ್ದಿಗೆ ಜೀವವುಂಟು,
ಕಪ್ಪಿಟ್ಟರೆ ಬರೀ ಪುಡಿ.
ಹದಿನೇಳು ವರ್ಷದಿಂದ
ದೇವರ ಮುಖಕ್ಕಿಂತ ಹೆಚ್ಚು ಈ ಚೌಕದ ಮುಖ ನೋಡಿದ್ದೇನೆ.

ಹೋದ ತಿಂಗಳು ಓಣಿಯ ಆ ತುದಿಗೆ ದಡಾರ ಎದ್ದಿತ್ತು.
ಮೂರು ಮಕ್ಕಳು, ಮೈತುಂಬ ರಾಗಿ ಚೆಲ್ಲಿದ ಹಾಗೆ.
ಬೇವಿನ ಸೊಪ್ಪು ಕಟ್ಟಿದರು, ತಾಯಿತ ಕಟ್ಟಿದರು.
ಎರಡು ಎದ್ದು ಆಡಿದವು.
ಮೂರನೆಯದಕ್ಕೆ ಈಗ
ಹೆಸರನ್ನು ಎರಡು ಸಲ ಕೂಗಬೇಕು.

ಆಮೇಲೆ ಬಂದವಳು ಮೈಮೂನಾ,
ಜರಡಿ ಹಿಡಿಯುವವಳು, ರೆಪ್ಪೆಯ ಮೇಲೂ ಬೂದಿ.
"ಹಾಲಮ್ಮ ಸಿಸ್ಟರ್, ನಮ್ಮ ಹುಡುಗಂಗೂ ಒಂದು ಚುಚ್ರೀ."
ಕೈಚೀಲದಿಂದ ದಪ್ಪ ಫೈಲು ತೆಗೆದಳು.
ಇಮ್ದಾದ್, ಐದು ವರ್ಷ, ರಕ್ತದ ಕ್ಯಾನ್ಸರು.
ಕೂಸಿದ್ದಾಗ ಎರಡು ಡೋಸೂ ಹಾಕಿಸಿದ್ದಳಂತೆ.
ಕಲಿತದ್ದನ್ನೆಲ್ಲ ಕೀಮೋ ಒರೆಸಿರಬೇಕು,
ತಲೆಗೂದಲಿನ ಜೊತೆಗೇ.

ಹೇಗೆ ಹೇಳಲಿ ಅವಳಿಗೆ?
ನಮ್ಮ ಈ ಲಸಿಕೆ ಹಲ್ಲು ಕಿತ್ತ ಹಾವು.
ಗಟ್ಟಿ ಮೈ ಅದನ್ನು ಆಡಿಸಿ, ಅದರ ನಡೆ ಕಲಿತು,
ನಿಜದ ಹಾವು ಬಂದ ದಿನ ಕೋಲು ಹಿಡಿದು ನಿಲ್ಲುತ್ತದೆ.
ಕಾವಲಿಲ್ಲದ ಮೈಗೆ
ಕೇರೆಯೂ ನಾಗರವೇ.

"ಇವನಿಗೆ ಈಗ ಆಗೋದಿಲ್ಲ."
"ಮತ್ತೆ?"
"ಸುತ್ತಲಿನ ಮಕ್ಕಳಿಗೆಲ್ಲ ಆಗಬೇಕು."
ಅವಳು ಸುಮ್ಮನೆ ಭಟ್ಟಿಯ ಕಡೆ ನೋಡಿದಳು.
"ಹೊಟ್ಟಿನ ರಾಶಿಗೆ ಕಿಡಿ ಹಾರಿದರೆ
ನಾವು ಕಿಡಿ ಹುಡುಕ್ತಾ ಕೂರಲ್ಲ ಸಿಸ್ಟರ್,
ಸುತ್ತಲ ಹೊಟ್ಟು ಎಳೆದು ನೆಲ ಬರಿದು ಮಾಡ್ತೀವಿ.
ಹಂಗೇ ಅಲ್ವಾ?"

ಹಂಗೇ. ಮೂರು ದಿನದ ತರಬೇತಿಯಲ್ಲಿ
ನನಗೆ ಯಾರೂ ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ.

ಆ ವಾರ ಅವಳು ಕೆಲಸ ಬಿಟ್ಟು ಬಾಗಿಲು ಬಾಗಿಲು ತಿರುಗಿದಳು.
ನನ್ನ ಮುಖಕ್ಕೆ ಮುಚ್ಚಿಕೊಂಡ ಬಾಗಿಲಿಗೂ ಹೋದಳು,
ಏನು ಹೇಳಿದಳೋ, ಏನು ಕೇಳಿಸಿಕೊಂಡಳೋ.
ಇವತ್ತು ಅಂಗನವಾಡಿಯ ಮುಂದೆ ಸಾಲು:
ಮೂಗು ಸುರಿಸುವವು, ಅಜ್ಜಿಯ ಸೆರಗು ಜಗಿಯುವವು,
ಸೂಜಿ ಕಾಣುವ ಮೊದಲೇ ಓಣಿ ಹಾರುವಂತೆ ಅಳುವವು.
ಬಲತೋಳು, ಹತ್ತಿ, ಎಳ್ಳಷ್ಟು ಉಬ್ಬು.
ಮೂವತ್ತು ಮಕ್ಕಳು, ಮೂರು ಸೀಸೆ, ಸರಿಯಾಗಿ ಮುಗಿಯಿತು.

ಡಬ್ಬಿ ಮುಚ್ಚುವಾಗ ಹಮಾಲಿ ಚಮನ್‌ಸಾಬ್ ಬಂದ,
ಹೋದ ಸಲ ನನ್ನ ಮೇಲೆ ನಾಯಿ ಬಿಡುತ್ತೇನೆಂದವನು.
ಹೆಗಲ ಮೇಲೆ ಮೊಮ್ಮಗಳು.
ನನ್ನನ್ನು ನೋಡಲಿಲ್ಲ. ಕೂಸನ್ನು ಮುಂದೆ ಹಿಡಿದ, ಅಷ್ಟೆ.

ಒಂದು ಸೀಸೆಗೆ ಹತ್ತು ಡೋಸು,
ಒಡೆದರೆ ನಾಲ್ಕು ತಾಸು ಆಯುಷ್ಯ.
ಒಂದು ಮಗುವಿಗಾಗಿ ಒಡೆದರೆ ಒಂಬತ್ತು ಚರಂಡಿಗೆ,
ಲೆಕ್ಕ ಕೇಳುವ ಡಾಕ್ಟರು ನನ್ನ ಗಂಡನಲ್ಲ.
ಮುಂದಿನ ಗುರುವಾರ ಬಾ ಎನ್ನಬಹುದಿತ್ತು.
ಈ ಮನುಷ್ಯ ಮುಂದಿನ ಗುರುವಾರ
ಇದೇ ಮನುಷ್ಯನಾಗಿರುತ್ತಾನೆಂದು ಯಾರು ಬಲ್ಲರು?

ಚೌಕ ಬೆಳ್ಳಗಿತ್ತು. ಒಡೆದೆ.
ಸೀಸೆಯ ಮೇಲೆ ಹೊತ್ತು ಬರೆದೆ: ಎರಡು ಹತ್ತು.

ಎದುರು ಮನೆಯ ಹೊಸ್ತಿಲಲ್ಲಿ ಇಮ್ದಾದ್ ಕೂತಿದ್ದ,
ಮಾಸ್ಕನ್ನು ಗದ್ದಕ್ಕಿಳಿಸಿ
ಬಿಸಿ ಮಂಡಕ್ಕಿ ಒಂದೊಂದೇ ಎಣಿಸಿ ತಿನ್ನುತ್ತ,
ಅಳುವವರನ್ನು ನೋಡಿ ನಗುತ್ತಿದ್ದ, ಪೋಕರಿ.
ಬೈದೆ. ಮಾಸ್ಕು ಏರಿತು.

ರಿಜಿಸ್ಟರಿನಲ್ಲಿ ಬರೆದೆ: ಹಾಕಿದ್ದು ಮೂವತ್ತೊಂದು, ವ್ಯರ್ಥ ಒಂಬತ್ತು.
ಅವನಿಗೆ ಯಾವ ಕಾಲಮ್ಮೂ ಇರಲಿಲ್ಲ.

ಮುಂದಿನ ವಾರ ಯಾರಿಗೋ ಜ್ವರ ಬರುತ್ತದೆ,
ಯಾರೋ ತಾಯಿ ಸೊಂಟಕ್ಕೆ ಸೆರಗು ಕಟ್ಟಿ ಬೈಯಲು ಬರುತ್ತಾಳೆ.
ಬರಲಿ.
ಚಹಾಕ್ಕೆ ಹೇಳಿ ಕೂರಿಸುತ್ತೇನೆ:
ಒಳಗೆ ಪಾಠ ನಡೀತಿದೆಯಮ್ಮಾ,
ಸ್ವಲ್ಪ ಗದ್ದಲ ಇದ್ದೇ ಇರ್ತದೆ.