ಎರಡು ಅಂಚು

ಖಡೇಬಜಾರದ ಸಂದ್ಯಾಗ ನನ್ನ ಸಾಣಿಗಾಲಿ.
ಕುಡಗೋಲು, ದರ್ಜಿಯ ಕತ್ತರಿ, ಕಟುಕರ ಸತ್ತೂರ,
ಹಿಡಿ ಮುಟ್ಟಿದರ ಸಾಕು, ಯಾರ ಮನೀದಂತ ಹೇಳತಿದ್ದೆ.

ಒಂದಿನ ದಸ್ತಗೀರ ಮಕಾನದಾರ ಬೂಟು ತಂದ.
ಗಾಲಿ ಇಲ್ಲ, ತಳಕ್ಕ ಉಕ್ಕಿನ ಪಟ್ಟಿ.
‘ಚಾಕೂನಂಗ ಮಸೀಬ್ಯಾಡ ಕಾಕಾ,
ನಡುವ ಕೂದಲೆಳಿಯಷ್ಟ ತಗ್ಗು ತಗಿ,
ಆಕಡಿಗೊಂದು ಈಕಡಿಗೊಂದು ಅಂಚು ಉಳೀಲಿ.’
ಮೂವತ್ತು ವರ್ಷದ ಕಸಬಿನ್ಯಾಗ
ಧಾರ ಅಂದರ ಒಂದ ಅಂತ ತಿಳದಿದ್ದೆ.

ಬರ್ಫು ನಾ ಕಂಡದ್ದು ಮೀನಮಾರ್ಕೆಟ್ಟಿನ್ಯಾಗ,
ಬಂಗಡಿಯ ಕೆಳಗ, ಕಟ್ಟಿಗಿ ಹೊಟ್ಟು ಹತ್ತಿದ್ದು.
ಅದರ ಮ್ಯಾಲ ಮನಶ್ಯಾ ಓಡತಾನಂತ!
ಟಿಳಕವಾಡಿಯ ಸಿಮೆಂಟಿನ ಮ್ಯಾಲ ಕಲ್ತಾಂವ
ಲೇಹದ ಹೆಪ್ಪುಗಟ್ಟಿದ ಕೆರೀಮ್ಯಾಲ ಗೋಲು ಕಾಯಾಕ ಹ್ವಾದ.
ಮೊದಲ ದಿನ ಹನ್ನೊಂದು ಸಲ ಬಿದ್ನಿ ಅಂದ,
ಚೆಂಡು ಬರೂಕಿಂತ ಮೊದಲ.

ಚೆಂಡೂ ಅಲ್ಲಂತ ಅದು, ಕರೇ ರಬ್ಬರಿನ ಬಿಲ್ಲಿ.

ಆಮ್ಯಾಲ ಒಂಬತ್ತು ಚಳಿಗಾಲ.
‘ಗೋಡಿ’ ಅಂದರು ಮಂದಿ.
ಪೇಪರಿನ್ಯಾಗ ಫೋಟೋ ಬಂತು, ಮುಖದ ತುಂಬ ಕಬ್ಬಿಣದ ಜಾಳಿಗಿ.
ಅವರವ್ವ ಓಣಿಗೆಲ್ಲ ತೋರಿಸಿದಳು:
‘ಇದರ ಹಿಂದ ಅದಾನ ನೋಡ್ರಿ ನನ ಮಗಾ.’

ಎಡಮೊಣಕಾಲ ಎರಡು ಸಲ ಕೊಯ್ಸಿಕೊಂಡ.
ಈಗ ಕೊರಳಾಗ ಸೀಟಿ, ಬೆಳಿಗ್ಗೆ ಐದೂವರಿ,
ನಲವತ್ತು ಹುಡುಗೂರು, ಮತ್ತ ಅದ ಸಿಮೆಂಟು.
ಒಮ್ಮೆ ಚಹಾ ಕುಡೀತ ಅಂದ:
‘ಒಳಗಿದ್ದಾಗ ತಡಿಯಾಕ ಮೈಯೆಲ್ಲಾ ಕೈ ಇತ್ತು ಕಾಕಾ.
ಹೊರಗ ನಿಂತಾಂವಗ ಬರೇ ಬಾಯಿ.
ಅವರ ಕಾಲಿನ ಸಂದಿಂದ ಗೋಲು ಹೋಗೂದು
ನನಗ ಮೊದಲ ಕಾಣತೈತಿ,
ಕೂಗೂದ್ರೊಳಗ ಹೋಗಿರತೈತಿ.’
ಬೈತಾನ ಅಂತ ಹುಡುಗೂರ ದೂರು.
ಬೈಗಳಾ ನಾನೂ ಕೇಳೇನಿ. ಭಾಳ ಸುದ್ದ ಇಲ್ಲ.

ನಿನ್ನೆ ಚೌಗಲಾರ ತ್ರಿಶಲಾ ಬಂದ್ಲು, ಒಂಬತ್ತನೇತ್ತೆ ಹುಡುಗಿ.
ಎದಿಗವಚಿಕೊಂಡಿದ್ಲು ಅವ ಬೂಟು.
ಮುಂಗಾಲಿನ ಜಾಗಾದಾಗ ಹಳೇ ಸಾಕ್ಸ ತುರುಕಿತ್ತು.
ಜನವರಿ ಹದಿನಾಲ್ಕಕ್ಕ ಗಾಡಿ ಅಂತ.
‘ಭಾಳ ಚೂಪ ಬ್ಯಾಡ್ರಿ ಅಜ್ಜಾ.
ಗೋಲು ಕಾಯೋರಿಗೆ ಹಿಡಿತಾನೂ ಬೇಕು, ಜಾರೂದೂ ಬೇಕು.’
ಮಾತು ಯಾರದಂತ ಕೇಳಲಿಲ್ಲ.

ಕಿಡಿ ಹಾರಿದ್ವು. ಆಕಿ ಹಿಂದ ಸರೀಲಿಲ್ಲ.
ಪಟ್ಟಿ ಸವದು ಬಳಿಯಷ್ಟ ಉಳದೈತಿ,
ಇನ್ನ ಮೂರು ಸಲ ಮಸದರ ಮುಗೀತು.
ಹೆಬ್ಬೆರಳ ಉಗುರು ಎಳದು ನೋಡಿದೆ,
ಎರಡೂ ಕಡೆ ಬೂದಿಯಂಗ ಉಗುರಿನ ಪುಡಿ.
ರೊಕ್ಕ ಕೊಡಾಕ ಬಂದ್ಲು, ಬ್ಯಾಡ ಅಂದೆ.
‘ಕೊಡಲಾರದ ಬಂದರ ಸರ್ ಬೈತಾರ’ ಅಂತ
ಗಾಲಿಕಟ್ಟೀಮ್ಯಾಲ ಇಟ್ಟು ನಡದ್ಲು.

ತಲಿ ಎತ್ತಿದರ ಎದುರಿಗೆ ಇನಾಂದಾರನ ಹೋಟ್ಲು.
ಬಾಗಲಾಗ ಅಂವ, ಕಪ್ಪು ಕೈಯಾಗ,
ಈಕಡಿ ನೋಡಲಾರದಂಗ ನೋಡಕೋತ,
ಕಾಲು ಅಗಲಿಸಿ, ಮೊಣಕಾಲು ಚೂರು ಬಗ್ಗಿಸಿ.
ಒಳಗ ಹೋಗೂ ಗಿರಾಕಿಗಳು
ಎಡಕೊಮ್ಮೆ ಬಲಕೊಮ್ಮೆ ನೋಡಿ
ದಾರಿ ಸಿಗಲಾರದ ನಿಂತಿದ್ದರು.