ಗ್ರಿಮ್ಸ್‌ಬಿಯಲ್ಲಿ ಒಂದು ಕ್ರಿಯಾಪದ

ಮಂಗಳವಾರ, ಸಂಜೆ ಆರೂವರೆ. ಮೆಥಡಿಸ್ಟ್ ಚರ್ಚಿನ ಹಿಂಕೋಣೆ.
ಹೀಟರಿನ ಮೇಲೆ ಹನ್ನೊಂದು ಜೊತೆ ಕೈಗವಸು
ಹಬೆಯಾಡುತ್ತಿವೆ, ಕಾರ್ಖಾನೆಯ ಮೀನು ನಾರುತ್ತ.
ವಿನಿಫ್ರೆಡ್ ಹ್ಯಾಕ್ಸ್‌ಬಿ
ಒಣಗಿದ ಮಾರ್ಕರನ್ನು ಅಂಗೈಗೆ ಎರಡು ಸಲ ಬಡಿದು
ಬಿಳಿಹಲಗೆಯ ಮೇಲೆ ಬರೆದಳು:
ರಿಮೆಂಬರ್.

"ಇದರ ಬಾಲ ನೋಡಬೇಕು" ಅಂದಳು.
"ಬಾಲ ಬೇರೆಯಾದರೆ ಪ್ರಾಣಿಯೇ ಬೇರೆ.
ಬೀಗ ಹಾಕಲು ನೆನಪಾಯಿತು:
ನೆನಪು ಮುಂದೆ, ಬೀಗ ಅದರ ಹಿಂದೆ.
ಬೀಗ ಹಾಕಿದ್ದು ನೆನಪಿದೆ:
ಬೀಗ ಮುಂದೆ ಹೋಗಿಬಿಟ್ಟಿದೆ,
ನೆನಪು ಏದುಸಿರು ಬಿಡುತ್ತ ಹಿಂದಿನಿಂದ ಬಂತು."

ದಾನುತೆಗೆ ಥಟ್ಟನೆ ಹೊಳೆಯಿತು.
"ಬಿಪಿ ಮಾತ್ರೆ, ಟೀಚರ್!
ನುಂಗಲು ನೆನಪಿತ್ತು. ನುಂಗಿದ್ದು ನೆನಪಿಲ್ಲ.
ಇನ್ನೊಮ್ಮೆ ನುಂಗಿದೆ. ತಲೆ ಗಿರ್ರೆಂದು
ಕಾಡ್ ಮೀನಿನ ಪೆಟ್ಟಿಗೆಯ ಮೇಲೆ ಬಿದ್ದೆ."
ಎಲ್ಲರೂ ನಕ್ಕರು. ಅವಳ ವಾಕ್ಯ ಸರಿಯಿತ್ತು.

"ಬಾಲವೇ ಇಲ್ಲದಿದ್ದರೆ?" ಹಬ್ತೊಮ್ ಕೇಳಿದ.
"ಅದು ನವೆಂಬರಿನದು.
ಎದೆಗೆ ಕಾಗದದ ಕೆಂಪು ಹೂ ಚುಚ್ಚಿಕೊಂಡು
ಎರಡು ನಿಮಿಷ ನಿಲ್ಲುತ್ತೇವೆ, ಯಾರನ್ನು ಅಂತ ಹೇಳದೆ.
ಹಾಂ, ಉಯಿಲಿನದೂ ಒಂದಿದೆ.
ನನ್ನ ಗಂಡನ ಚಿಕ್ಕಪ್ಪ ನನ್ನನ್ನು ಅದರಲ್ಲಿ ನೆನೆದಿದ್ದ,
ಅಂದರೆ ನಿಂತುಹೋದ ಗಡಿಯಾರ ಬಿಟ್ಟುಹೋಗಿದ್ದ."

ಪುಟ ನಲವತ್ತೊಂದು, ಕೊನೆಯ ಸಾಲು. ರೋಝಾನ್ ಓದಿದಳು,
ಬೆರಳಿಟ್ಟು, ಒಂದೊಂದೇ ಪದ:
ರಿಮೆಂಬರ್ ಮಿ ಟು ಯುವರ್ ಮದರ್.
"ತಾಯಿ ಇವರನ್ನು ಮರೆತುಬಿಟ್ಟಿದ್ದಾಳಾ?"

"ಇಲ್ಲಮ್ಮ. ಕೇಳಿದೆ ಅಂತ ಹೇಳು, ಅಷ್ಟೇ ಅದರ ಅರ್ಥ.
ಈಗ ಯಾರೂ ಹಾಗನ್ನುವುದಿಲ್ಲ" ಎಂದು
ಹಲಗೆ ಒರೆಸತೊಡಗಿದವಳು
ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದಳು.

ಡಾಕಿನಲ್ಲಿ ಆಗ ಅವಳಿಗೆ ಏಳು.
ಹೆಂಡತಿ ಬೀಳ್ಕೊಟ್ಟರೆ ಹಡಗಿಗೆ ಆಗದು ಎಂದು
ಅಮ್ಮ ಮನೆಯಲ್ಲೇ ಉಳಿದಿದ್ದಳು, ಬಟ್ಟೆಯನ್ನೂ ಒಗೆಯದೆ.
ಅಪ್ಪ ಕಂಬಿಯಿಂದ ಬಾಗಿ ಕೂಗಿದ:
"ಅಮ್ಮನನ್ನ ಕೇಳಿದೆ ಅಂತ ಹೇಳು!"
ಅವಳಿಗೆ ನಗು.
ಈಗಷ್ಟೇ ಅಡುಗೆಮನೆಯಲ್ಲಿ ಇಬ್ಬರೂ ಒಂದೇ ಬಟ್ಟಲಿನಲ್ಲಿ ಟೀ ಕುಡಿದಿದ್ದರು.
ದಾರಿಯಲ್ಲಿ ಮಾವ ಚಿಪ್ಸ್ ಕೊಡಿಸಿದ,
ಹೆಚ್ಚು ವಿನೆಗರ್ ಹಾಕಿಸಿ.
ಅದು ಈಗಲೂ ನಾಲಿಗೆಯ ಮೇಲಿದೆ.
ಐಸ್‌ಲ್ಯಾಂಡಿನ ಆಚೆಯ ಮಂಜು ಆ ಹಡಗನ್ನು ಹಿಂದಕ್ಕೆ ಕೊಡಲಿಲ್ಲ.

ತರಗತಿಗೆ ಇಷ್ಟನ್ನೂ ಹೇಳಲಿಲ್ಲ. ಹೇಳಿದ್ದು ಮೂರೇ ವಾಕ್ಯ,
ಉದಾಹರಣೆ ಎಂಬಂತೆ:
"ಒಬ್ಬರು ನನಗೆ ಒಂದು ಮಾತು ಒಪ್ಪಿಸಿದ್ದರು.
ಬಾಗಿಲ ಹಿಡಿ ಮುಟ್ಟುವವರೆಗೂ ಹೇಳಲು ನೆನಪಿತ್ತು.
ಹೇಳಿದ್ದು ನೆನಪಿಲ್ಲ."

ಹೀಟರು ಟಿಕ್ ಟಿಕ್ ಎಂದಿತು.
"ಮತ್ತೊಮ್ಮೆ ಹೇಳಿಬಿಡಿ" ಅಂದಳು ದಾನುತೆ,
ಗವಸಿನ ಬೆರಳುಗಳನ್ನು ಒಂದೊಂದಾಗಿ ತಿರುಗಿಸುತ್ತ.
"ಮಾತ್ರೆಯಲ್ಲವಲ್ಲ. ಎರಡು ಸಲ ಆದರೆ ಏನೂ ಆಗಲ್ಲ."

ಎಂಟಕ್ಕೆ ಎಲ್ಲರೂ ಹೋದರು.
ವಿನಿಫ್ರೆಡ್ ದೀಪ ಆರಿಸಿದಳು, ಬೀಗ ಹಾಕಿದಳು,
ಹತ್ತು ಹೆಜ್ಜೆ ನಡೆದು ತಿರುಗಿ ಬಂದು
ಬೀಗ ಎಳೆದು ನೋಡಿದಳು.
ಸಮುದ್ರದ ಕಡೆಯಿಂದ ಜಿನುಗು ಮಳೆ.
ಕೊಡೆ ಕೈಚೀಲದಲ್ಲೇ ಇತ್ತು.
ಒಂಬತ್ತನೇ ನಂಬರಿನ ಬಸ್ಸು ಬಂದು, ಕಾದು, ಹೋಯಿತು.
ಅವಳು ನೆನೆಯುತ್ತ ನಿಂತಿದ್ದಳು,
ತುಟಿ ಮಾತ್ರ ಆಡುತ್ತಿತ್ತು.