ಚಿಲ್ಲರೆ

ಕೊಡಿಯಾಲ್‌ಬೈಲ್ ಜೈಲಿನಲ್ಲಿ ಎಂಟು ಮಂದಿಯ ಸಾಲು.
ನಾನು ಬೆರಳು ತೋರಿದ್ದು ಐದನೆಯವನಿಗೆ,
ದಾಮು ಕರ್ಕೇರನಿಗೆ.

ಆ ಸಂಜೆ ಆರೂವರೆಗೆ, ಸೊಸೈಟಿಯ ಮೆಟ್ಟಿಲಲ್ಲಿ,
ತಲವಾರಿನ ಹಿಡಿಗೆ ಸುತ್ತಿದ ನೀಲಿ ನೈಲಾನ್ ದಾರ,
ಅದರ ಮೂರು ಗಂಟು
ಈಗಲೂ ಬಿಡಿಸಿ ಹೇಳಬಲ್ಲೆ.
ಮುಖ?
ಇತ್ತು, ತಲವಾರಿನ ಮೇಲೆ ಎಲ್ಲೋ.

ಇವತ್ತು ಕಟಕಟೆಯಲ್ಲಿ ಬೆಂಗ್ರೆ ದೋಣಿಯ ಹಸನಬ್ಬ:
"ಆರೂವರೆ ಟ್ರಿಪ್ಪಿಗೆ ಇವನಿದ್ದ ಸ್ವಾಮಿ.
ಇಪ್ಪತ್ತು ಕೊಟ್ಟ, ನನ್ನಲ್ಲಿ ಚಿಲ್ಲರೆ ಇರಲಿಲ್ಲ.
ಹತ್ತು ರೂಪಾಯಿ ಇನ್ನೂ ಕೊಡಲಿಕ್ಕುಂಟು."
ಸರಕಾರಿ ವಕೀಲರು ನಕ್ಕರು.

ಆಮೇಲೆ ಜಗಲಿಯಲ್ಲಿ, ಇಬ್ಬರು ಪೊಲೀಸರ ನಡುವೆ ತೂರಿ,
ಹಸನಬ್ಬ ಅವನ ಕೈಗೆ ಹತ್ತರ ನೋಟು ತುರುಕಿದ.

ಆ ಕೈಯನ್ನು
ನೀಲಿ ದಾರದ ಮೇಲೆ ಇಟ್ಟು ನೋಡಿದೆ.
ಕೂರುತ್ತದೆ.
ಮತ್ತೆ ಇಟ್ಟೆ.
ಕೂರುವುದಿಲ್ಲ.